ದತ್ತು ಬಂದವರ ಮನೆ: ದೇವರ ಕುಟುಂಬದಲ್ಲಿ ಕ್ರೈಸ್ತರ ಗುರುತು ಮತ್ತು ಕರೆ



ನಮ್ಮ ಊರುಗಳಲ್ಲಿ ಹೊಸಬರೊಬ್ಬರು ಎದುರಾದರೆ ಹಿರಿಯರು ಹೆಸರು ಕೇಳುವುದಕ್ಕೂ ಮೊದಲು ಕೇಳುವ ಮಾತೊಂದಿದೆ: 'ನೀವು ಯಾರ ಪೈಕಿ? ಯಾವ ಮನೆಯವರು?' ಇದಕ್ಕೆ ಉತ್ತರ ಸಿಕ್ಕಿತೆಂದರೆ ಉಳಿದದ್ದೆಲ್ಲ ತಾನಾಗಿ ಇತ್ಯರ್ಥವಾಗುತ್ತದೆ. ಬಂದವರು ಜಗಲಿಯಲ್ಲಿ ಎಲ್ಲಿ ಕೂರಬೇಕು, ನೀರು ಯಾವ ಲೋಟದಲ್ಲಿ ಕೊಡಬೇಕು, ಅವರ ಮನೆಗೆ ಹೆಣ್ಣು ಕೊಡಬಹುದೇ, ಸತ್ತಾಗ ಹೆಗಲು ಕೊಡುವವರು ಯಾರು, ಎಲ್ಲವೂ ಆ ಒಂದು ಉತ್ತರದೊಳಗೆ ಅಡಗಿವೆ. ಹುಟ್ಟಿದ ಮನೆಯೇ ಮನುಷ್ಯನ ವಿಳಾಸ, ಅದೇ ಅವನ ಅಳತೆಗೋಲು.

ಕ್ರಿಸ್ತನ ಹೆಸರು ಹೊತ್ತವನು ಈ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? ಈ ಉಪನ್ಯಾಸದ ವಿಷಯ ಇಷ್ಟೇ. 'ದೇವರ ಮನೆಯವರು' ಎಂಬ ಮಾತು ನಮ್ಮ ಪ್ರಾರ್ಥನೆಗಳಲ್ಲಿ, ಪ್ರಸಂಗಗಳಲ್ಲಿ, ಕೀರ್ತನೆಗಳಲ್ಲಿ ಎಷ್ಟು ಸಲ ಬರುತ್ತದೆಂದರೆ ಅದರ ಭಾರ ನಮ್ಮ ಕಿವಿಗೆ ತಾಕುವುದೇ ಇಲ್ಲ. ಆ ಮಾತನ್ನು ಅಕ್ಷರಶಃ ನಂಬಿದವರಿಗೆ ಒಂದು ಕಾಲದಲ್ಲಿ ಆಸ್ತಿ ಹೋಯಿತು, ಕಸುಬು ಹೋಯಿತು, ತಾಯಿಯ ಮುಖ ನೋಡುವ ಭಾಗ್ಯವೂ ಹೋಯಿತು. ಅಷ್ಟು ತೆತ್ತು ಅವರು ಪಡೆದದ್ದೇನು, ಅದು ಇಂದು ನಮ್ಮ ಕೈಯಲ್ಲಿ ಏನಾಗಿದೆ ಎಂಬುದನ್ನು ನಾವು ವಿಚಾರ ಮಾಡಬೇಕು.

ಒಂದು: ಹೊರಗೆ ನಿಂತ ತಾಯಿ

ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಮನಸ್ಸನ್ನು ಕಲಕುವ ಒಂದು ಪ್ರಸಂಗವಿದೆ. ಯೇಸು ಒಂದು ಮನೆಯೊಳಗೆ ಜನರ ನಡುವೆ ಕೂತಿದ್ದಾನೆ. ತಾಯಿಯೂ ತಮ್ಮಂದಿರೂ ಬಂದು ಹೊರಗೆ ನಿಂತು ಹೇಳಿಕಳಿಸುತ್ತಾರೆ. ಆತ ಸುತ್ತ ಕೂತವರನ್ನು ನೋಡಿ, ದೇವರ ಚಿತ್ತದಂತೆ ನಡೆಯುವವರೇ ತನಗೆ ತಾಯಿ, ಅವರೇ ಅಣ್ಣತಮ್ಮ, ಅವರೇ ಅಕ್ಕತಂಗಿ ಎಂದು ಹೇಳುತ್ತಾನೆ. ಗಲಿಲಾಯದ ರೈತಾಪಿ ಸಮಾಜದಲ್ಲಿ ಈ ಮಾತು ಸಣ್ಣದಲ್ಲ. ಅಲ್ಲಿ ಹೊಲ, ಕಸುಬು, ಮಾನ, ಮುಪ್ಪಿನ ಆಸರೆ ಎಲ್ಲವೂ ಮನೆತನದ ಮೂಲಕವೇ ಬರುತ್ತಿದ್ದವು. ಮನೆಯ ಗೆರೆಯನ್ನು ಹೊಸದಾಗಿ ಎಳೆಯುವವನು ಸಮಾಜದ ತಳಪಾಯವನ್ನೇ ಮುಟ್ಟುತ್ತಾನೆ.

ಇದನ್ನು ಹೆತ್ತವರ ತಿರಸ್ಕಾರವೆಂದು ಓದುವವರಿದ್ದಾರೆ. ಅದು ಪೂರ್ತಿ ಓದಲ್ಲ. ದೇವರಿಗೆ ಮೀಸಲಿಟ್ಟಿದ್ದೇವೆಂಬ ಹರಕೆಯ ನೆಪದಲ್ಲಿ ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸಿಕೊಳ್ಳುವವರನ್ನು ಇದೇ ಮಾರ್ಕನ ಏಳನೆಯ ಅಧ್ಯಾಯದಲ್ಲಿ ಯೇಸು ಕಟುವಾಗಿ ಖಂಡಿಸುತ್ತಾನೆ. ಯೋಹಾನನ ಸುವಾರ್ತೆಯ ಪ್ರಕಾರ ಶಿಲುಬೆಯ ಮೇಲಿದ್ದಾಗಲೂ ತಾಯಿಯ ಗತಿಯೇನು ಎಂದು ಯೋಚಿಸಿ ಆಕೆಯನ್ನು ಶಿಷ್ಯನೊಬ್ಬನ ಕೈಗೆ ಒಪ್ಪಿಸುತ್ತಾನೆ. ಆ ಶಿಷ್ಯ ರಕ್ತಸಂಬಂಧಿಯೆಂದು ಸುವಾರ್ತೆ ಹೇಳುವುದಿಲ್ಲ. ಆದರೂ ಅಂದಿನಿಂದ ಆಕೆ ಅವನ ಮನೆಯ ತಾಯಿ. ಮಾರ್ಕನ ಮೂರನೆಯ ಅಧ್ಯಾಯದಲ್ಲಿ ಮಾತಾಗಿದ್ದದ್ದು ಶಿಲುಬೆಯ ಬುಡದಲ್ಲಿ ಮನೆಯಾಯಿತು. ಮನೆತನ ಕೆಟ್ಟದ್ದೆಂದು ಯೇಸು ಎಲ್ಲಿಯೂ ಹೇಳಲಿಲ್ಲ, ಅದು ಚಿಕ್ಕದಾಯಿತೆಂದು ತೋರಿಸಿಕೊಟ್ಟನು.

ಆತನು ಕಲಿಸಿದ ಪ್ರಾರ್ಥನೆಯೂ ಹಾಗೆಯೇ. ಅದರ ಮೊದಲ ಸಂಬೋಧನೆಯಲ್ಲಿ ತಂದೆ ಒಬ್ಬನ ತಂದೆಯಲ್ಲ, ಎಲ್ಲರ ತಂದೆ. ಒಂಟಿಯಾಗಿ ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸುವವನೂ 'ನಮ್ಮ' ಎನ್ನದೆ ಬಾಯಿ ತೆರೆಯುವಂತಿಲ್ಲ. ಒಡಹುಟ್ಟಿದವರನ್ನು ಹೊರಗಿಟ್ಟು ತಂದೆಯ ಬಳಿಗೆ ಹೋಗುವ ಹಿತ್ತಲ ಬಾಗಿಲು ಈ ಮನೆಗಿಲ್ಲ.

ಎರಡು: ಕೊಟ್ಟದ್ದು, ಗಳಿಸಿದ್ದಲ್ಲ

ಈ ಹೊಸ ಸಂಬಂಧವನ್ನು ವಿವರಿಸಲು ಪೌಲನು ಬಳಸಿದ ಪದ ದತ್ತುಸ್ವೀಕಾರ. ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಅದು ವಾದದ ನಡುಗಂಬ. ನಮ್ಮ ನುಡಿಯಲ್ಲಿ ದತ್ತಿ, ದತ್ತು ಎರಡೂ ಒಂದೇ ಬೇರಿನವು. 'ದತ್ತ' ಎಂದರೆ ಕೊಟ್ಟದ್ದು. ದುಡಿದು ಸಂಪಾದಿಸಿದ್ದನ್ನು ಯಾರೂ ದತ್ತಿ ಎನ್ನುವುದಿಲ್ಲ. ಮಗುವೊಂದು ತನ್ನ ಶ್ರಮದಿಂದ ದತ್ತು ಹೋಗುವುದೂ ಇಲ್ಲ. ಕನ್ನಡ ಬೈಬಲನ್ನು ಓದುವವನಿಗೆ ಗ್ರೀಕ್ ಗೊತ್ತಿಲ್ಲದಿದ್ದರೂ ಈ ಒಂದು ಪದ ಪೌಲನ ಅರ್ಧ ದೇವಶಾಸ್ತ್ರವನ್ನು ಕಲಿಸಿಬಿಡುತ್ತದೆ.

ಪೌಲನ ಕೇಳುಗರಿಗೆ ದತ್ತು ಎಂದೊಡನೆ ನೆನಪಾಗುತ್ತಿದ್ದದ್ದು ರೋಮನ್ ಪದ್ಧತಿ. ಅಲ್ಲಿ ದತ್ತು ಹೋಗುತ್ತಿದ್ದವರು ಹೆಚ್ಚಾಗಿ ಬೆಳೆದ ಗಂಡಸರು. ವಂಶದ ಹೆಸರು ಉಳಿಯಬೇಕು, ಆಸ್ತಿಗೊಬ್ಬ ವಾರಸುದಾರ ಬೇಕು ಎಂಬ ಕಾರಣಕ್ಕೆ ಯೋಗ್ಯನಾದವನನ್ನು ಹುಡುಕಿ ತರುತ್ತಿದ್ದರು. ಕ್ರಿಸ್ತಪೂರ್ವ 44ರಲ್ಲಿ ಕೊಲೆಯಾದ ಜೂಲಿಯಸ್ ಸೀಸರನ ಉಯಿಲಿನ ಮೂಲಕ ದತ್ತುಮಗನಾದವನೇ ಮುಂದೆ ಅಗಸ್ಟಸ್ ಎಂದು ಹೆಸರಾಗಿ ಸಾಮ್ರಾಜ್ಯ ಆಳಿದನು. ನಮ್ಮ ನಾಡಿನ ಧರ್ಮಶಾಸ್ತ್ರಗಳಲ್ಲಿಯೂ ದತ್ತಕದ ಉದ್ದೇಶ ಇದಕ್ಕೆ ಹತ್ತಿರ: ಪಿಂಡ ಇಡಲು, ಕುಲ ಬೆಳೆಸಲು ಒಬ್ಬ ಮಗ ಬೇಕು. ಎರಡು ಕಡೆಯೂ ಕೊರತೆ ಇರುವುದು ದತ್ತು ತೆಗೆದುಕೊಳ್ಳುವವನಿಗೆ.

ಪೌಲನು ಈ ಪದ್ಧತಿಯನ್ನು ಎತ್ತಿಕೊಂಡು ತಿರುವು ಮುರುವು ಮಾಡಿದನು. ದೇವರಿಗೆ ಮಗನಿಲ್ಲವೆಂಬ ಕೊರತೆಯಿಲ್ಲ. ಮಗನಿದ್ದಾನೆ, ಆ ಮಗನ ಮೂಲಕವೇ ದತ್ತು ನಡೆಯುತ್ತದೆ. ಬರುವವನು ಯೋಗ್ಯನೆಂದು ಆರಿಸಿದ್ದೂ ಅಲ್ಲ. ಕೊರಿಂಥದವರಿಗೆ ಬರೆಯುವಾಗ, ನಿಮ್ಮಲ್ಲಿ ಜ್ಞಾನಿಗಳು ಹೆಚ್ಚಿಲ್ಲ, ಬಲವುಳ್ಳವರು ಹೆಚ್ಚಿಲ್ಲ, ಕುಲೀನರು ಹೆಚ್ಚಿಲ್ಲ ಎಂದು ಆತ ಮುಚ್ಚುಮರೆಯಿಲ್ಲದೆ ನೆನಪಿಸುತ್ತಾನೆ. ರೋಮಿನ ಕಾನೂನಿನಲ್ಲಿ ಗುಲಾಮನು ವಾರಸುದಾರನಾಗುವುದು ದೂರದ ಮಾತು, ಅವನೇ ಆಸ್ತಿಯ ಒಂದು ಬಾಬು. ಅಂಥವನಿಗೂ, ಹೆಣ್ಣಿಗೂ, ಅನ್ಯ ಜನಾಂಗದವನಿಗೂ ಮಗನಿಗೆ ಸಲ್ಲುವ ಹಕ್ಕೇ ಸಲ್ಲುತ್ತದೆಂದು ಗಲಾತ್ಯ ಪತ್ರ ಹೇಳುತ್ತದೆ. ಮಗು ಮನೆಯಲ್ಲಿ ಕೂಗುವ ಅರಮಾಯಿಕ್ ಪದ 'ಅಬ್ಬಾ' ಗ್ರೀಕ್ ಮಾತಾಡುವವರ ಪ್ರಾರ್ಥನೆಯಲ್ಲೂ ಹಾಗೆಯೇ ಉಳಿಯಿತು. ಮನೆಗೆ ಹೊಸದಾಗಿ ಬಂದವನೂ ಮನೆಮಗನ ಬಾಯಿಂದಲೇ ತಂದೆಯನ್ನು ಕರೆಯತೊಡಗಿದನು.

ಇದರಿಂದ ಹೊರಡುವ ತತ್ತ್ವವನ್ನು ನಾನು ಒತ್ತಿ ಹೇಳಬೇಕು. ಗುರುತು ಕೊಟ್ಟದ್ದಾದರೆ ಅದರ ಮೇಲೆ ಜಂಬಪಡುವ ಹಕ್ಕು ಯಾರಿಗೂ ಇಲ್ಲ, ಅದನ್ನು ಇನ್ನೊಬ್ಬನಿಂದ ಕಿತ್ತುಕೊಳ್ಳುವ ಹಕ್ಕೂ ಇಲ್ಲ. ಈ ಮನೆಯಲ್ಲಿ ಎಲ್ಲರೂ ದತ್ತು ಬಂದವರು. ಮೊನ್ನೆ ಬಂದವನು, ಹತ್ತು ತಲೆಮಾರಿನ ಹಿಂದೆ ಬಂದವರ ಮೊಮ್ಮಗ ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬಂದವರು. ಸ್ನಾನದೀಕ್ಷೆಯ ನೀರಿಗೆ ಹಳೆಯ ಮನೆತನ, ಹೊಸ ಮನೆತನ ಎಂಬ ಭೇದ ಗೊತ್ತಿಲ್ಲ.

ಮೂರು: ಕರೆ

ಗುರುತಿನ ಮಾತಾಯಿತು. ಅದಕ್ಕೆ ಅಂಟಿಕೊಂಡ ಇನ್ನೊಂದು ಪದ ಕರೆ. ಹೊಸ ಒಡಂಬಡಿಕೆಯಲ್ಲಿ ಸಭೆಗೆ ಬಳಸಿದ 'ಎಕ್ಲೇಸಿಯ' ಎಂಬ ಗ್ರೀಕ್ ಪದದ ಬೇರಿನಲ್ಲಿಯೇ ಕರೆಯುವ ಕ್ರಿಯೆಯಿದೆ. ಸಭೆಯೆಂದರೆ ಕರೆಯನ್ನು ಕೇಳಿ ಬಂದು ಸೇರಿದವರು.

ನಮ್ಮಲ್ಲಿ ಮದುವೆಗೆ ಮನೆ ಮನೆಗೆ ಹೋಗಿ ಕರೆಯುವ ಪದ್ಧತಿಯಿದೆ. ಬಾಯಿಬಿಟ್ಟು ಕರೆಯದಿರುವುದು ಎಷ್ಟು ಕೊರಗಿನದೋ, ಕರೆದ ಮೇಲೆ ಹೋಗದಿರುವುದೂ ಅಷ್ಟೇ ನೋವಿನದು. ಕರೆಗೆ ಹೋದವನು ಅಲ್ಲಿ ಇನ್ನೊಬ್ಬರನ್ನು ಕಂಡು 'ಇವನನ್ನೇಕೆ ಕರೆದಿರಿ' ಎಂದು ಕೇಳುವಂತಿಲ್ಲ. ಕರೆದವರು ಮನೆಯ ಯಜಮಾನರು. ದೇವರ ಕರೆಯಲ್ಲೂ ಈ ಎರಡು ಎಳೆಗಳಿವೆ. ಬಂದವನು ಆಮಂತ್ರಣಕ್ಕೆ ಮರ್ಯಾದೆ ಕೊಡಬೇಕು. ಜೊತೆಗೆ ಬಂದವರನ್ನು ಒಪ್ಪಿಕೊಳ್ಳಬೇಕು.

ಕರೆ ಎಂಬುದಕ್ಕೆ ಸಭೆಯ ಇತಿಹಾಸದಲ್ಲಿ ಬಹುಕಾಲ ಒಂದು ಇಕ್ಕಟ್ಟಾದ ಅರ್ಥವಿತ್ತು. ಮಠ ಸೇರಿದವರಿಗೆ, ಗುರುಪಟ್ಟ ಪಡೆದವರಿಗೆ ಮಾತ್ರ ಕರೆ ಬಂದಿದೆ ಎನ್ನುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಆ ಗೋಡೆಯನ್ನು ಒಡೆದನು. ಕಸುಬನ್ನು ಹೇಳುವ ಜರ್ಮನ್ ಪದದಲ್ಲೇ ಕರೆಯ ಅರ್ಥವನ್ನು ಅವನು ಕಂಡನು. ಮಗುವಿನ ಬಟ್ಟೆ ಒಗೆಯುವ ತಂದೆ, ಹೊಲ ಉಳುವ ರೈತ, ಚಪ್ಪಲಿ ಹೊಲಿಯುವವನು ತಮ್ಮ ತಮ್ಮ ಜಾಗದಲ್ಲಿ ನೆರೆಯವನಿಗೆ ಮಾಡುವ ಸೇವೆಯೇ ಕರೆಗೆ ಕೊಡುವ ಉತ್ತರ ಎಂಬುದು ಅವನ ಬೋಧನೆ. ಕಾಯಕದ ಮಾತನ್ನು ಹನ್ನೆರಡನೆಯ ಶತಮಾನದಿಂದ ಬಲ್ಲ ಕನ್ನಡಿಗರಿಗೆ ಈ ವಿಚಾರ ಅಪರಿಚಿತವಲ್ಲ. ಎರಡು ಪರಂಪರೆಗಳ ಬುನಾದಿ ಬೇರೆ, ಎರಡನ್ನೂ ಒಂದೇ ಎಂದು ಕಲಸುವುದು ಯಾರಿಗೂ ಮರ್ಯಾದೆಯಲ್ಲ. ಆದರೂ ಕೂಡಲಸಂಗಮನ ಮುಂದೆ ಬಸವಣ್ಣನವರು ಕುಲದ ಹಿರಿಮೆಯನ್ನು ಕೇಳದೆ, ತಮ್ಮನ್ನು ಆ ಮನೆಯ ಮಗನೆನಿಸಬೇಕೆಂದು ಬೇಡಿಕೊಂಡದ್ದನ್ನು ನೆನೆದಾಗ, ದೇವರ ಮನೆಯ ಹಂಬಲ ಈ ಮಣ್ಣಿಗೆ ಹಡಗಿನಲ್ಲಿ ಬಂದ ಸರಕಲ್ಲವೆಂದು ನನ್ನ ಎದೆ ತುಂಬುತ್ತದೆ.

ನಾಲ್ಕು: ತೆತ್ತ ಬೆಲೆ

ಈ ಕರೆಗೆ ಓಗೊಟ್ಟವರು ಏನು ತೆತ್ತರು? ಕ್ರಿಸ್ತಶಕ 203ರಲ್ಲಿ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ ಪೆರ್ಪೆತುವಾ ಎಂಬ ಇಪ್ಪತ್ತೆರಡರ ಆಸುಪಾಸಿನ ತಾಯಿ ಸೆರೆಯಾದಳು. ಒಳ್ಳೆಯ ಮನೆತನದವಳು, ಮೊಲೆಯುಣ್ಣುವ ಕೂಸಿನ ತಾಯಿ. ಆಕೆಯ ಹೆಸರಿನಲ್ಲಿ ಉಳಿದುಬಂದಿರುವ ಸೆರೆಮನೆಯ ಬರಹದಲ್ಲಿ ತಂದೆ ಮತ್ತೆ ಮತ್ತೆ ಬಂದು ಅಂಗಲಾಚುತ್ತಾನೆ. ತನ್ನ ನರೆಗೂದಲಿಗೆ ಕನಿಕರ ತೋರು, ಮಗುವಿಗೆ ಕನಿಕರ ತೋರು ಎನ್ನುತ್ತಾನೆ. ಅಲ್ಲಿದ್ದ ಒಂದು ಪಾತ್ರೆಯನ್ನು ತೋರಿಸಿ ಅದನ್ನು ಬೇರೆ ಹೆಸರಿನಿಂದ ಕರೆಯಲಾದೀತೇ ಎಂದು ಆಕೆ ಕೇಳುತ್ತಾಳೆ. ಆಗದೆಂದರೆ ತಾನೂ ಕ್ರೈಸ್ತಳಲ್ಲದೆ ಬೇರೆ ಏನೂ ಅಲ್ಲ ಎನ್ನುತ್ತಾಳೆ. ಆಕೆ ತಂದೆಯನ್ನು ದ್ವೇಷಿಸಲಿಲ್ಲ, ಆತನ ಮುಪ್ಪಿಗಾಗಿ ಮರುಗಿದಳು.

ಅದೇ ಸೆರೆಯಲ್ಲಿ ಫೆಲಿಸಿತಾಸ್ ಎಂಬ ತುಂಬು ಬಸುರಿ ಗುಲಾಮಳಿದ್ದಳು. ಸೆರೆಯಲ್ಲೇ ಹೆತ್ತಳು. ಆ ಹೆಣ್ಣುಕೂಸನ್ನು ಸಭೆಯ ಸಹೋದರಿಯೊಬ್ಬಳು ತನ್ನ ಮಗಳಾಗಿ ಸಾಕಿದಳೆಂದು ಆ ಬರಹ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ಸಾಲನ್ನು ನಾವು ದಾಟಿ ಹೋಗಬಾರದು. ಒಡತಿಯ ವರ್ಗದವಳು, ಗುಲಾಮಳು ಇಬ್ಬರೂ ಅಖಾಡದಲ್ಲಿ ಜೊತೆಯಾಗಿ ನಿಂತು ಸತ್ತರು. ಹೊರಗೆ ಮೂರನೆಯವಳೊಬ್ಬಳು ತೊಟ್ಟಿಲು ತೂಗಿದಳು. ಪೌಲನ ದತ್ತುಶಾಸ್ತ್ರಕ್ಕೆ ಆ ತೊಟ್ಟಿಲಿಗಿಂತ ಒಳ್ಳೆಯ ಭಾಷ್ಯ ನನಗೆ ಗೊತ್ತಿಲ್ಲ.

ನಮ್ಮ ನಾಡಿಗೆ ಬರೋಣ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ ಕೊಂಕಣಿ ಮಾತಾಡುವ ಕಥೋಲಿಕರು ಶತಮಾನಗಳ ಹಿಂದಿನಿಂದಲೇ ನೆಲೆಸಿದ್ದರು, 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಸಂಕಟವನ್ನೂ ಕಂಡಿದ್ದರು. ಬಾಸೆಲ್ ಮಿಷನ್ನಿನ ಸಭೆಗಳಿಗೆ ತುಳುನಾಡಿನಲ್ಲಿ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರು ಸ್ನಾನದೀಕ್ಷೆ ಪಡೆದ ದಿನ ಕಳೆದುಕೊಂಡದ್ದನ್ನು ಲೆಕ್ಕ ಹಾಕಿದರೆ ಮೂರಾಗುತ್ತವೆ.

ಮೊದಲನೆಯದು ಕುಟುಂಬದ ಮನೆ. ತುಳುನಾಡಿನಲ್ಲಿ ಕುಟುಂಬವೆಂದರೆ ದೈವವೂ ಸೇರಿದ ಕೂಡುಬಾಳು. ಕುಟುಂಬದ ದೈವಕ್ಕೆ ನೇಮ, ತಂಬಿಲ ಕೊಡುವಾಗ ಕೈಜೋಡಿಸದವನು ಆ ಕುಟುಂಬದವನಾಗಿ ಉಳಿಯುವುದಿಲ್ಲ. ಎರಡನೆಯದು ಪಾಲು. ಅಳಿಯಸಂತಾನ ಪದ್ಧತಿಯಲ್ಲಿ ತಾಯಿಯ ಕಡೆಯಿಂದ ಇಳಿದು ಬರುವ ಸೊತ್ತಿಗೆ, ಪದ್ಧತಿ ಬಿಟ್ಟವನು ಹೊರಗಾಗುತ್ತಿದ್ದನು. ಧರ್ಮ ಬದಲಾಯಿಸಿದ, ಜಾತಿಯಿಂದ ಹೊರಹಾಕಲ್ಪಟ್ಟ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪಬಾರದೆಂದು 1850ರ ಜಾತಿ ನಿರ್ಬಂಧ ನಿವಾರಣಾ ಕಾಯ್ದೆ ಹೇಳಬೇಕಾಗಿ ಬಂದದ್ದೇ, ಆ ಹಕ್ಕು ಎಷ್ಟು ಸಹಜವಾಗಿ ತಪ್ಪುತ್ತಿತ್ತೆಂಬುದಕ್ಕೆ ಸಾಕ್ಷಿ. ಮೂರನೆಯದು ಕಸುಬು. ಕಳ್ಳು ಇಳಿಸುವ ಮೂರ್ತೆ ಕೆಲಸವನ್ನು ಮಿಷನ್ ಒಪ್ಪಲಿಲ್ಲ. ಸಭೆಗೆ ಬಂದವನು ಅದನ್ನು ಬಿಡಬೇಕಾಗಿತ್ತು. ಮನೆ, ಪಾಲು, ಕೆಲಸ ಮೂರೂ ಹೋದವನಿಗೆ 'ನೀನು ದೇವರ ಮಗ' ಎಂದು ಹೇಳಿದರೆ ಸಾಕೇ? ರಾತ್ರಿ ಎಲ್ಲಿ ಮಲಗಬೇಕು, ನಾಳೆ ಏನು ಉಣ್ಣಬೇಕು ಎಂಬುದಕ್ಕೂ ಉತ್ತರ ಬೇಕಾಗಿತ್ತು.

ಮಿಷನ್ ಮಂಗಳೂರಿನಲ್ಲಿ ನಡೆಸಿದ ನೇಯಿಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಮಿಷನರಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ, ಅದಕ್ಕೂ ಮೊದಲಿನ ಅಚ್ಚುಕೂಟ, ಪುಸ್ತಕ ಕಟ್ಟುವ ಕೆಲಸ, ಇವನ್ನು ನಾವು ಕೈಗಾರಿಕೆಯ ಇತಿಹಾಸದಲ್ಲಿ ಓದುತ್ತೇವೆ. ಅವುಗಳನ್ನು ದೇವಶಾಸ್ತ್ರದ ಇತಿಹಾಸದಲ್ಲಿಯೂ ಓದಬೇಕು. ದತ್ತು ತೆಗೆದುಕೊಂಡ ಮನೆ ಅನ್ನದ ದಾರಿಯನ್ನೂ ತೋರಿಸಬೇಕೆಂಬ ಎಚ್ಚರದಿಂದ ಅವು ಹುಟ್ಟಿದವು. ಕರಾವಳಿಯ ಮಾಡುಗಳ ಮೇಲೆ ಇಂದಿಗೂ ಕೂತಿರುವ ಕೆಂಪು ಹಂಚಿನಲ್ಲಿ, ಸೂರು ಕಳೆದುಕೊಂಡವರು ಬೇರೆಯವರಿಗೆ ಸೂರು ಕೊಟ್ಟ ಕಥೆಯಿದೆ.

ಐದು: ಪಂಕ್ತಿಯ ಪರೀಕ್ಷೆ

ಮನೆಯವರು ಯಾರೆಂಬುದು ಕೊನೆಗೆ ಗೊತ್ತಾಗುವುದು ಊಟಕ್ಕೆ ಕೂತಾಗ. ಸಭೆಯ ಮೊದಲ ದೊಡ್ಡ ಜಗಳಗಳಲ್ಲೊಂದು ಪಂಕ್ತಿಯದೇ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದವರ ಜೊತೆ ಉಣ್ಣುತ್ತಿದ್ದನು. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದೊಡನೆ ಅಂಜಿ ಎಲೆಯಿಂದ ಹಿಂದೆ ಸರಿದನು. ಪೌಲನು ಎಲ್ಲರೆದುರಿಗೆ ಮುಖಾಮುಖಿ ನಿಂತು ಅವನನ್ನು ತಪ್ಪಿತಸ್ಥನೆಂದನು. ಪೇತ್ರನು ಯಾವ ಸಿದ್ಧಾಂತವನ್ನೂ ಅಲ್ಲಗಳೆದಿರಲಿಲ್ಲ, ಎದ್ದು ಬೇರೆ ಕಡೆ ಕೂತಿದ್ದನು ಅಷ್ಟೆ. ಸುವಾರ್ತೆಯ ಸತ್ಯಕ್ಕೆ ಅಷ್ಟೇ ಸಾಕಷ್ಟು ದ್ರೋಹವೆಂದು ಪೌಲನು ತಿಳಿದನು. ಕೊರಿಂಥದಲ್ಲಿಯೂ ಅದೇ ಕಥೆ. ಉಳ್ಳವರು ತಮ್ಮ ಊಟ ಮುಗಿಸಿರುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಅದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಬರೆದನು.

ಭಾರತಕ್ಕೆ ಬಂದ ಸಭೆ ಈ ಪರೀಕ್ಷೆಯಲ್ಲಿ ಒಂದೇ ರೀತಿ ತೇರ್ಗಡೆಯಾಗಲಿಲ್ಲ. ದಕ್ಷಿಣದ ಹಲವು ಸಭೆಗಳಲ್ಲಿ ಸಾಲು ಬೇರೆ, ಪ್ರವೇಶದ ಬಾಗಿಲು ಬೇರೆ, ಸ್ಮಶಾನ ಬೇರೆ ಎಂಬ ಏರ್ಪಾಟು ಬೇರುಬಿಟ್ಟಿತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಪತ್ರ ಬರೆದು ಜಾತಿಭೇದವನ್ನು ತಡಮಾಡದೆ ಬಿಡಬೇಕೆಂದು ಆಜ್ಞಾಪಿಸಿದಾಗ, ಎಷ್ಟೋ ಜನ ಜಾತಿಯನ್ನು ಬಿಡದೆ ಸಭೆಯನ್ನೇ ಬಿಟ್ಟು ಹೋದರು. ಬಾಸೆಲ್ ಮಿಷನ್ ತನ್ನ ಸಭೆಗಳಲ್ಲಿ ಜಾತಿಯನ್ನು ಒಪ್ಪಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಸ್ನಾನದೀಕ್ಷೆ ಪಡೆದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಬಾಸೆಲಿನಲ್ಲಿ ಓದಿ, ಬೋಧಕರಾಗಿ ಮರಳಿದರು. ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರ ನೆಲೆಯೊಂದಿಗೆ ಅವರ ಹೆಸರು ಸೇರಿಕೊಂಡಿದೆ. ಹುಟ್ಟಿನ ಲೆಕ್ಕದಲ್ಲಿ ಒಬ್ಬರ ನೆರಳು ಒಬ್ಬರಿಗೆ ತಾಕಬಾರದಾಗಿದ್ದವರು ಒಂದೇ ಮನೆಯ ಹೆಸರಿನಲ್ಲಿ ಬಾಳಿದರು ಎಂಬುದು ಹತ್ತೊಂಬತ್ತನೆಯ ಶತಮಾನದ ಕರ್ನಾಟಕದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಆದರೆ ಇಂದಿನ ಮಾತೇನು? ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2016ರಲ್ಲಿ ದಲಿತ ಕ್ರೈಸ್ತರ ಕುರಿತ ತನ್ನ ನೀತಿಪತ್ರದಲ್ಲಿ ಸಭೆಯೊಳಗೇ ತಾರತಮ್ಯ ಇರುವುದನ್ನು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡತನ, ಒಪ್ಪಿಕೊಳ್ಳಬೇಕಾಗಿ ಬಂದದ್ದು ನಮ್ಮೆಲ್ಲರ ನೋವು. ಯಾವ ಪಂಗಡದವರೂ ಅದನ್ನು ಇನ್ನೊಂದು ಪಂಗಡದ ಕೊರತೆಯೆಂದು ನೋಡಿ ಸಮಾಧಾನಪಡುವಂತಿಲ್ಲ. ನಮ್ಮ ಮದುವೆ ಮಾತುಕತೆಗಳಲ್ಲಿ ಬೇಸಾಯದ ಎಕರೆ, ಮೈಬಣ್ಣ, ನೌಕರಿಗಳ ಜೊತೆಗೆ 'ಮೂಲ' ಯಾವುದೆಂದು ಮೆಲ್ಲನೆ ವಿಚಾರಿಸುವ ದನಿ ಇನ್ನೂ ಅಡಗಿಲ್ಲ. ಸ್ನಾನದೀಕ್ಷೆ ಕೊಟ್ಟ ಹೊಸ ಮನೆತನವನ್ನು ನಾವು ಮದುವೆಯ ದಿನ ಮರೆಯುತ್ತೇವೆ. ಪರಿಶುದ್ಧ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಮನೆಯ ಹೊಸಿಲಿನಲ್ಲಿ ಬೇರಾಗುತ್ತೇವೆ. ಅಂತಿಯೋಕ್ಯದ ಪೇತ್ರನು ನಮ್ಮಲ್ಲಿ ಇನ್ನೂ ಎಲೆಯಿಂದ ಏಳುತ್ತಲೇ ಇದ್ದಾನೆ.

ಆರು: ಪ್ರಾಯಕ್ಕೆ ಬಂದ ಮಕ್ಕಳು

ಗಲಾತ್ಯ ಪತ್ರದಲ್ಲಿ ಇನ್ನೊಂದು ವಿಚಾರವಿದೆ. ವಾರಸುದಾರನು ಬಾಲಕನಾಗಿರುವ ತನಕ ಪಾಲಕರ ಕೈಕೆಳಗಿರುತ್ತಾನೆ. ಗೊತ್ತಾದ ಕಾಲ ಬಂದಾಗ ಮಗನ ಹಕ್ಕನ್ನು ಕೈಗೆತ್ತಿಕೊಳ್ಳುತ್ತಾನೆ. ದತ್ತು ಎಂದರೆ ಎಂದೆಂದಿಗೂ ತೊಡೆಯ ಮೇಲೆ ಕೂರುವುದೆಂದು ಪೌಲನು ತಿಳಿದಿರಲಿಲ್ಲ.

ಮಿಷನ್ ಕಟ್ಟಿದ ಮನೆಯಲ್ಲಿ ಪ್ರೀತಿಯಿತ್ತು, ಅದರ ಜೊತೆಗೆ ಯಜಮಾನಿಕೆಯೂ ಇತ್ತು. ಶಾಲೆ, ಕೆಲಸ, ವಾಸದ ಜಾಗ, ಶಿಸ್ತು ಎಲ್ಲವೂ ಒಂದೇ ಕೈಯಿಂದ ಬರುವಾಗ ಕೊಡುವವನು ತಂದೆಯಾಗುತ್ತಾನೆ, ಪಡೆಯುವವನು ಎಷ್ಟು ವಯಸ್ಸಾದರೂ ಮಗುವಾಗಿ ಉಳಿಯುತ್ತಾನೆ. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು, ದೇಶದಿಂದ ಕಳಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅನಾಥರಾದೆವೆಂದು ಅತ್ತ ಸಭೆಗಳೇ ಬೋಧಕರನ್ನು, ಶಾಲೆಗಳನ್ನು ನಡೆಸಿಕೊಂಡು ಬಂದವು. ತಂದೆಯೆಂದು ಕರೆದದ್ದು ಯಾರನ್ನು ಎಂಬ ಪ್ರಶ್ನೆಯನ್ನು ಆ ವರ್ಷಗಳು ಕೇಳಿದವು. ತಂದೆ ಸ್ವರ್ಗದಲ್ಲಿರುವವನಾದರೆ, ಹಡಗು ಹತ್ತಿ ಹೋದವರು ಅಣ್ಣಂದಿರು. ಅಣ್ಣ ಊರು ಬಿಟ್ಟರೆ ತಮ್ಮ ಮನೆ ನೋಡಿಕೊಳ್ಳುತ್ತಾನೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂದು ಯುರೋಪಿನ ಜಗಳಗಳ ಹೆಸರಿನಲ್ಲಿ ಬೇರೆಯಾಗಿದ್ದವರು ಒಂದು ಮನೆಯಾದರು. ದೇಶ ಸ್ವತಂತ್ರವಾಗಿ ಆರು ವಾರಗಳಷ್ಟೇ ಆಗಿತ್ತು. ಹೊರಗಿನವರ ಜಗಳದ ಪಾಲನ್ನು ನಾವೇಕೆ ಹೊರಬೇಕೆಂಬ ಪ್ರಾಯದ ವಿವೇಕ ಅದರಲ್ಲಿತ್ತು. ಹುಟ್ಟಿನ ಹೊರೆಯಂತೆಯೇ ಪಂಗಡದ ಹೊರೆಯೂ ದತ್ತು ಬಂದವರಿಗೆ ಅಂಟಬಾರದು.

ಏಳು: ಬಾಗಿಲಿನ ಹೊರಗೆ

ಮನೆ ಎಂದೊಡನೆ ಒಂದು ಅಪಾಯವೂ ಹುಟ್ಟುತ್ತದೆ. ಮನೆಯವರು ತಮ್ಮವರನ್ನು ಮಾತ್ರ ನೋಡಿಕೊಂಡು ಬಾಗಿಲು ಹಾಕಿಕೊಳ್ಳಬಹುದು. ಹಾಗಾದರೆ ಒಂದು ಜಾತಿಯ ಬದಲು ಇನ್ನೊಂದು ಜಾತಿ ಹುಟ್ಟಿದಂತಾಯಿತು, ಕ್ರೈಸ್ತ ಎಂಬ ಹೆಸರಿನ ಜಾತಿ. ಪೇತ್ರನ ಹೆಸರಿನ ಮೊದಲ ಪತ್ರ ಸಭೆಯನ್ನು ಒಂದೇ ಉಸಿರಿನಲ್ಲಿ ದೇವರ ಸ್ವಂತ ಜನರೆಂದೂ, ಪರದೇಶಿಗಳೆಂದೂ ಕರೆಯುತ್ತದೆ. ತನಗೆ ಮನೆ ಸಿಕ್ಕಿದ್ದು ಕೃಪೆಯಿಂದ ಎಂದು ಬಲ್ಲ ಪರದೇಶಿ ಇನ್ನೊಬ್ಬ ಪರದೇಶಿಗೆ ಬಾಗಿಲು ಹಾಕಲಾರ.

ನಾಲ್ಕನೆಯ ಶತಮಾನದಲ್ಲಿ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ತರಲು ಹೊರಟ ರೋಮನ್ ಚಕ್ರವರ್ತಿ ಜೂಲಿಯನ್ ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಕ್ರೈಸ್ತರ ಬಗ್ಗೆ ದೂರುತ್ತಾನೆ: ಅವರು ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂಬುದು ಆ ದೂರಿನ ಸಾರ. ವಿರೋಧಿಯ ಬಾಯಿಂದ ಬಂದ ಇದಕ್ಕಿಂತ ಒಳ್ಳೆಯ ಯೋಗ್ಯತಾಪತ್ರ ಸಭೆಗೆ ಬೇರೆ ಬೇಕಿಲ್ಲ.

ಕನ್ನಡದ ಮಟ್ಟಿಗೆ ಈ ಹೊರಮುಖದ ಕರೆಯನ್ನು ನಾವು ಅಕ್ಷರದಲ್ಲಿ ಕಂಡಿದ್ದೇವೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು, ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳಂಥ ಕನ್ನಡದ ಸಂಪತ್ತನ್ನು ಅಚ್ಚಿಗೆ ತಂದರು. ಫರ್ಡಿನೆಂಡ್ ಕಿಟ್ಟೆಲ್ ದಶಕಗಳ ದುಡಿಮೆಯಿಂದ ಕಟ್ಟಿದ ನಿಘಂಟು 1894ರಲ್ಲಿ ಹೊರಬಂತು. ಅವರು ಧರ್ಮಪ್ರಚಾರಕ್ಕೆ ಬಂದವರು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ನಿಘಂಟು ಕ್ರೈಸ್ತರ ನಿಘಂಟಾಗದೆ ಕನ್ನಡಿಗರೆಲ್ಲರ ನಿಘಂಟಾಯಿತು. ಕಾರ್ಕಳದಲ್ಲಿ ಹುಟ್ಟಿ ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿಸಿದ ಸ್ಟಾನ್ಲಿ ಸಮರ್ಥರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ಸಂವಾದ ವಿಭಾಗವನ್ನು ಮುನ್ನಡೆಸಿ, ಬೇರೆ ಧರ್ಮದ ನೆರೆಯವನನ್ನು ಎದುರಾಳಿಯೆಂದು ಕಾಣದೆ ಸಹಯಾತ್ರಿಕನೆಂದು ಕಾಣಬೇಕೆಂದು ಲೋಕದ ಸಭೆಗಳಿಗೆ ವಾದಿಸಿದರು. ಪರಲೋಕದಲ್ಲೂ ಭೂಲೋಕದಲ್ಲೂ ಇರುವ ಪ್ರತಿಯೊಂದು ಕುಟುಂಬಕ್ಕೂ ಹೆಸರು ಬಂದದ್ದು ಆ ಒಬ್ಬ ತಂದೆಯಿಂದ ಎಂಬ ಎಫೆಸ ಪತ್ರದ ಭಾವವನ್ನು ಹಲವು ಧರ್ಮಗಳ ನಡುವೆ ಬೆಳೆದ ಕರಾವಳಿಯ ಮಗನೊಬ್ಬ ಹಾಗೆ ಓದಿಕೊಂಡದ್ದು ಸಹಜ.

ಎಂಟು: ಕೊನೆಯ ಪಂಕ್ತಿ

ಮೊದಲು ಕೇಳಿದ ಪ್ರಶ್ನೆಗೆ ಹಿಂತಿರುಗುತ್ತೇನೆ. 'ನೀವು ಯಾವ ಮನೆಯವರು?'

ನಮ್ಮ ನಾಡಿನ ಯಾವುದೇ ಶುಭಕಾರ್ಯದ ಮನೆಗೆ ಹೋಗಿ ನೋಡಿ. ಬಂದ ನೂರಾರು ಜನರ ನಡುವೆ ಮನೆಯವರು ಯಾರೆಂದು ಗುರುತಿಸುವುದು ಕಷ್ಟವಲ್ಲ. ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವರು ಮನೆಯವರಲ್ಲ, ಅವರು ನೆಂಟರು. ಸೆರಗು ಸಿಕ್ಕಿಸಿಕೊಂಡು, ಪಂಚೆ ಎತ್ತಿ ಕಟ್ಟಿ, ಸಾರಿನ ಬಕೀಟು ಹಿಡಿದು ಬೆವರುತ್ತಾ ಎಲೆಯಿಂದ ಎಲೆಗೆ ಬಗ್ಗುತ್ತಿರುವವರು ಮನೆಯವರು. ದೂರದಿಂದ ತಡವಾಗಿ ಬಂದವನಿಗೂ ಅನ್ನ ಉಳಿದಿದೆಯೇ ಎಂದು ನೋಡಿ, ಎಲ್ಲರದೂ ಆದ ಮೇಲೆ ಕೊನೆಯ ಪಂಕ್ತಿಗೆ ಅವರು ಕೂರುತ್ತಾರೆ. ಉಳಿದದ್ದನ್ನು ಉಣ್ಣುತ್ತಾರೆ, ಕೊರತೆಯೆನ್ನುವುದಿಲ್ಲ, ಯಾಕೆಂದರೆ ಅಡುಗೆಮನೆ ಅವರದೇ.

ಕಡೆಯ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದಾಗ, ಊಟಕ್ಕೆ ಕೂತವನಾಗಿರದೆ ಬಡಿಸುವವನಾಗಿ ತಾನು ಅವರ ನಡುವೆ ಇದ್ದೇನೆಂದು ಹೇಳಿದಾಗ, ಮನೆಯ ಮಗನು ಹೇಗಿರುತ್ತಾನೆಂದು ತೋರಿಸಿಕೊಟ್ಟನು. ದತ್ತು ಬಂದವರು ಕಲಿಯಬೇಕಾದ ಮನೆಯ ರೀತಿ ಅದೇ. ಗುರುತು, ಕರೆ ಎಂಬ ಎರಡು ಪದಗಳು ಇಲ್ಲಿ ಒಂದಾಗುತ್ತವೆ. ಮನೆಯವನಾದದ್ದರಿಂದ ಬಡಿಸುತ್ತೇನೆ. ಬಡಿಸುವುದರಿಂದ ಮನೆಯವನಾಗುವುದಿಲ್ಲ, ಆಗಿಬಿಟ್ಟಿದ್ದೇನೆ, ಯಾರೋ ಕೊಟ್ಟರು.

ಸೂರು, ಪಾಲು, ಕಸುಬು ಕಳೆದುಕೊಂಡು ಈ ಮನೆಗೆ ಬಂದ ನಮ್ಮ ಹಿರಿಯರು ಮೊದಲ ಪಂಕ್ತಿಯ ಆಸೆಯಿಂದ ಬಂದವರಲ್ಲ. ಅವರ ಮೊಮ್ಮಕ್ಕಳಾದ ನಾವು ಎಲೆ ಹಿಡಿದು ಮೊದಲ ಸಾಲಿನಲ್ಲಿ ಜಾಗ ಹುಡುಕುತ್ತಿದ್ದರೆ, ಕೇಳುವವರಿಗೆ ನಾವು ಯಾವ ಮನೆಯವರೆಂದು ಗೊತ್ತಾಗುವುದಾದರೂ ಹೇಗೆ? ಏಳೋಣ, ಸಹೋದರ ಸಹೋದರಿಯರೇ. ಬಕೀಟು ಅಲ್ಲೇ ಇದೆ, ಬಾಗಿಲ ಹೊರಗೆ ಇನ್ನೂ ಜನ ನಿಂತಿದ್ದಾರೆ.